ಬಿರೋಬನ ಗೂಟ

ಹಳದಿ—ಏನದು, ಬಸ್ಸಿನ ಕಿಟಕಿಯಾಚೆ ಕ್ಷಣ ಹೊಳೆದು ಹಿಂದೆ ಸರಿದದ್ದು, ಕಬ್ಬು ಕಡಿದ ಹೊಲದ ನಡುವೆ ಒಂಟಿ ಗೂಟ, ನೆತ್ತಿಗೆ ಮೆತ್ತಿದ ಭಂಡಾರದ ಅರಿಶಿನ, ಸುತ್ತ ಕುರಿಹಿಕ್ಕೆಯ ಕಪ್ಪು ವೃತ್ತ ಮಾತ್ರ, ಹಟ್ಟಿ ಎಬ್ಬಿಸಿಕೊಂಡು ಕುರುಬರು ಮುಂದಿನ ಹೊಲಕ್ಕೆ ಹೋಗಿದ್ದಾರೆ, ಮೊದಲು ನೆಟ್ಟ ಗೂಟವನ್ನು ಕಿತ್ತಿಲ್ಲ, ಕೀಳಬಾರದು, ಅದಕ್ಕೆ ಕುರಿಯನ್ನೂ ಕಟ್ಟಬಾರದು, ಅದು ಬಿರೋಬ ದೇವರದವಾ, ನಮ್ಮದಲ್ಲ—ಅಜ್ಜ ಗೊಲ್ಲಾಳಪ್ಪನ ಮಾತು, ಎಷ್ಟು ವರ್ಷದ್ದೋ, ಪ್ರಾಜಕ್ತಾಳ ಕಿವಿಯಲ್ಲಿ ಇನ್ನೂ ಬಿಸಿಯಾಗಿಯೇ ಇದೆ, ತೊಡೆಯ ಮೇಲಿನ ಲ್ಯಾಪ್‌ಟಾಪಿನಂತೆ. ಅಕ್ಕಲಕೋಟ ಇನ್ನೂ ದೂರ. ಬೆಳಿಗ್ಗೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಗೆಳತಿ ಸಪ್ನಾಳ ಅಪ್ಪನ ಮಗ್ಗದ ಶೆಡ್ಡಿನ ಮೇಲಿನ ಕೋಣೆಯಲ್ಲಿ, ಕೆಳಗಿನ ಖಟಖಟಕ್ಕೆ ಮೇಜು ನಡುಗುತ್ತಿರಲು ಕೊನೆಯ ಆಜ್ಞೆ ಒತ್ತಿಯೇಬಿಟ್ಟಳು. ಅಜ್ಜನಿಗೂ ಶಾಂತಲಿಂಗಪ್ಪ ಗೌಡರಿಗೂ ನಡುವಿನ ಕುರಿಪಾಲಿನ ಕರಾರು ಬ್ಲಾಕ್‌ಚೈನೆಂಬ ಅಳಿಸಲಾಗದ ಖಾತೆಗೆ ಏರಿತು, ಏರಿದ್ದನ್ನು ಇನ್ನು ಗೌಡರು ತಿದ್ದಲಾರರು, ಅಜ್ಜ ತಿದ್ದಲಾರ, ಬರೆದ ಅವಳೂ ತಿದ್ದಲಾರಳು, ಅದೇ ಅದರ ಹಿರಿಮೆ. ಹೋದ ವರ್ಷ ಗೌಡರ ಕುರಿಗಳನ್ನು ಅಜ್ಜ ಪಾಲಿಗೆ ಮೇಯಿಸಿ, ಮರಿ ಹಂಚುವಾಗ ಮಾತಿಗೆ ಮಾತು ಬೆಳೆದು, ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಇಬ್ಬರೂ ಬೆನ್ನು ತಿರುಗಿಸಿ ಕುಳಿತರಲ್ಲ, ಮಳೆಗಾಲವಿಡೀ. ಇವಳೇ ನಡುವೆ ಹೋಗಿ, ಈ ಸಲ ಜಗಳಕ್ಕೆ ಜಾಗಾನ ಇರಾಂಗಿಲ್ಲ ಅಂತ ಇಬ್ಬರಿಗೂ ಮಾತು ಕೊಟ್ಟಳು—ನಿನ್ನ ಮೊಮ್ಮಗಳ ಮಿಶನ್ನು ನಮ್ಮಿಬ್ಬರಕಿಂತ ಶಾಣೇದೇನೋ ಗೊಲ್ಲಾಳಪ್ಪಾ, ಎಂದಿದ್ದರು ಗೌಡರು. ಶಾಣೇದಲ್ರಿ ಗೌಡ್ರ, ಅದಕ್ಕ ಬೀಗರೂ ಇಲ್ಲ ನೆಂಟರೂ ಇಲ್ಲ, ಅಷ್ಟ ರಿ, ಎಂದಿದ್ದ ಅಜ್ಜ.

ಹೊಸ ಕೆಲಸ ಆರಂಭಿಸುವುದು ಎಷ್ಟು ಸುಲಭವಾಗಿತ್ತು—ಒಂದು ಸಾಲು ಟೈಪಿಸಿದರೆ ಕರಾರು ಬರೆಯುವ ಸಾಫ್ಟ್‌ವೇರ್ ಉಪಕರಣ ತಾನೇ ಹಂದರ ಎತ್ತಿ ನಿಲ್ಲಿಸುತ್ತದೆ, ಕರಾರಿಗೊಂದು ಕೋಣೆ, ಪರೀಕ್ಷೆಗೊಂದು ಕೋಣೆ, ಯಾವ ಕರಾರು ಏರಬೇಕೆಂದು ಹೇಳಿ ಮೇಲೆ ಕಳಿಸುವ ಕಡತ, ಜೊತೆಗೆ ಮಾದರಿಗೆಂದು ಪುಟ್ಟದೊಂದು ಎಣಿಕೆಯ ಕರಾರು, ಒತ್ತಿದಷ್ಟು ಸಲ ಒಂದೊಂದು ಏರುವುದು, ಬೇರೇನೂ ಅರಿಯದು. ಹಾಸು ಹಾಕಿ ಕೊಟ್ಟೈತಿ, ಹೊಕ್ಕು ನಿಂದು, ಮೊದಲ ಆ ಸ್ಯಾಂಪಲ್ ತಗದ ಒಗಿ, ಎಲ್ಲಾರೂ ತಗೀತಾರ—ಸಪ್ನಾ ಹೇಳಿದಳು, ಮಗ್ಗದ ಮನೆಯ ಹುಡುಗಿ, ಅವಳಿಗೆ ಎಲ್ಲವೂ ಹಾಸುಹೊಕ್ಕು. ಇವಳ ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು, ಒತ್ತಲಿಲ್ಲ, ಮೊದಲು ನೆಟ್ಟದ್ದು, ಇರಲಿ ಬಿಡು. ನಿಮ್ಮ ಬಿರೋಬಾ ಕಂಪ್ಯೂಟರಿನ್ಯಾಗೂ ಬಂದಾನೇನ, ಎಂದು ಸಪ್ನಾ ನಕ್ಕಿದ್ದು—ಈಗ ಫೋನು, ಅಜ್ಜನದೇ, ಎಲ್ಲಿಗೆ ಬಂದೆವಾ, ವಳಸಂಗ ದಾಟೀದೇನ, ಕೇಳಿಲ್ಲಿ, ಕರಿಕುರಿ ಈತು, ಹೆಣ್ಮರಿ, ಈ ಹಂಗಾಮಿನ ಮೊದಲನೇದ, ಭಂಡಾರ ಹಚ್ಚಿ ಬಿರೋಬಗ ಬಿಟ್ಟೆ, ಗೌಡ್ರೂ ಇಲ್ಲೇ ಅದಾರ, ಕೈ ಮುಗದ್ರು. ಮೊದಲ ಮರಿ. ಅಯ್ಯೋ, ಮೊದಲ ಮರಿ ದೇವರದು, ಯಾರ ಪಾಲಿಗೂ ಬಾರದ್ದು, ಹುಟ್ಟಿದಾಗಿನಿಂದ ಬಲ್ಲಳು, ಬಲ್ಲಳೆಂದೇ ಬರೆಯಬೇಕೆಂದು ಹೊಳೆಯಲಿಲ್ಲ, ಉಸಿರಾಡು ಎಂದು ಯಾರು ಬರೆದಿಡುತ್ತಾರೆ—ಮೊದಲನೆಯದು ಗೌಡರಿಗೆ, ಎರಡನೆಯದು ಅಜ್ಜನಿಗೆ, ಹೀಗೆಯೇ ಬರೆದಿದ್ದಾಳೆ. ಇನ್ನು ಬಿರೋಬನ ಮರಿ ಗೌಡರ ಹೆಸರಿನಲ್ಲಿ, ತಿದ್ದುವಂತಿಲ್ಲ, ಅಜ್ಜ ಒಂದೋ ದೇವರ ಮುಂದೆ ಸುಳ್ಳ ಇಲ್ಲವೇ ಗೌಡರ ಮುಂದೆ ಸುಳ್ಳ, ಮತ್ತೆ ಆ ಕಟ್ಟೆ, ಆ ಎರಡು ಬೆನ್ನು, ಈ ಸಲ ಇವಳ ಕೈಯಿಂದಲೇ.

ಅಜ್ಜಾ ತಡೀ, ಎಂದಳು, ಫೋನು ಕಿವಿಯಿಂದ ಕಣ್ಣೆದುರಿಗೆ ಬಂತು, ನೆಟ್‌ವರ್ಕ್ ಬಂದು ಹೋಗಿ ಬಂದು, ಕರಾರಿನ ಪುಟ ತೆರೆಯಿತು, ಹೆಸರು—ಕುರಿಪಾಲು ಅಲ್ಲ. ಮತ್ತೊಮ್ಮೆ ಓದಿದಳು. ಆ ಎಣಿಕೆಯ ಮಾದರಿ! ಮೇಲೆ ಕಳಿಸುವ ಕಡತ ಉಪಕರಣವೇ ಬರೆದುಕೊಟ್ಟದ್ದಲ್ಲವೇ, ತಾನು ನೆಟ್ಟ ಮಾದರಿಯತ್ತಲೇ ಬೆರಳು ತೋರಿಸಿಕೊಂಡು ನಿಂತಿತ್ತು, ಇವಳು ಆ ಸಾಲನ್ನು ಮುಟ್ಟಿಯೇ ಇರಲಿಲ್ಲ. ಮಾದರಿಯನ್ನು ಅಳಿಸಿದ್ದರೆ ಅದು ಸಿಗುತ್ತಿಲ್ಲವೆಂದು ಕಡತ ಕಿರುಚುತ್ತಿತ್ತು, ಇವಳು ಕುರಿಪಾಲಿನ ಹೆಸರು ಹಾಕಿ ಸರಿಪಡಿಸುತ್ತಿದ್ದಳು, ತಪ್ಪು ಕರಾರು ಶಾಶ್ವತವಾಗಿ ಏರುತ್ತಿತ್ತು—ಅಳಿಸದೆ ಬಿಟ್ಟದ್ದೇ ಒಂಟಿಯಾಗಿ ಏರಿ ನಿಂತಿದೆ, ಕುರಿಪಾಲು ಇನ್ನೂ ತೊಡೆಯ ಮೇಲೆ, ತಿದ್ದಲು ಬರುವಂತೆ, ನಗು, ಕಣ್ಣಲ್ಲಿ ನೀರು ಬರುವಷ್ಟು ನಗು, ಪಕ್ಕದ ಮುದುಕಿ ಇಣುಕುತ್ತಾಳೆ, ಏನವಾ, ಗಂಡಿನ ಕಡಿಂದ ಹೂಂ ಅಂದ್ರೇನ. ಇಲ್ರಿ ಆಯಿ, ನಮ್ಮ ಕುರಿ ಈತು. ಏ ಪ್ರಾಜಕ್ತಾ, ಫೋನಿನಿಂದ ಅಜ್ಜ, ನಿನ್ನ ಮಿಶನ್ನಿಗೆ ಬಿರೋಬನ ಮರಿ ಹೇಳೀದಿಲ್ಲ? ಹೇಳ್ತೀನಜ್ಜಾ, ಬಂದ ಕೂಡಲೇ, ನಿಮ್ಮಿಬ್ಬರ ಮುಂದ ಓದಿ ಹೇಳ್ತೀನಿ, ಆಮೇಲೆ ಏರಿಸ್ತೀನಿ. ಏರಿಸಬೇಕು, ಆ ಮಾದರಿ ಮಾತ್ರ ಅಲ್ಲೇ ಇರುತ್ತದೆ, ಅದನ್ನೂ ಯಾರೂ ಕೀಳುವಂತಿಲ್ಲ, ಏನನ್ನೂ ಎಣಿಸದೆ, ಸೊನ್ನೆ, ಸುತ್ತ ಯಾವ ಹಟ್ಟಿಯೂ ಇಲ್ಲ, ಯಾವ ಕುರಿಯೂ ಕಟ್ಟಿಲ್ಲ, ಬಯಲು, ಗೂಟ, ನೆತ್ತಿಯ ಮೇಲೆ ಹಳದಿ—