ಬುಧವಾರದ ಕಾರ್ಯಕ್ರಮಗಳು

೧

ಎಲ್ಲಿಂದ ಶುರು ಮಾಡಲಿ? ಖರ್ಚಿನಿಂದ ಶುರು ಮಾಡಿದರೆ ಜನ ನಂಬುತ್ತಾರೆ. ಹಾಗಾಗಿ ಕೇಳಿ. ಗಡಿಯಾರ ವ್ಯಾಪಾರಿಗಳ ಮತ್ತು ರಿಪೇರಿಗಾರರ ನಮ್ಮ ಸಂಘಕ್ಕೆ ಕಳೆದ ವರ್ಷ ತಗುಲಿದ್ದು ಇಷ್ಟು: ಸಭಾಂಗಣದ ಬಾಡಿಗೆ, ಒಂಬತ್ತು ಗೋಡೆ ಗಡಿಯಾರಗಳ ಸರ್ವೀಸಿಗೆ ಸಮ. ಅಲ್ಯುಮಿನಿಯಂ ಏಣಿ ಒಂದು, ಇಪ್ಪತ್ತು ವಾಚಿಗೆ ಗಾಜು ಕೂರಿಸಿದ ಕೂಲಿಗೆ ಸಮ. ಚಹಾ, ಬಿಸ್ಕತ್ತು: ಲೆಕ್ಕ ಇಟ್ಟವರಿಲ್ಲ. ಮೊಣಕಾಲು ಒಂದು, ಎಡಗಡೆಯದು, ನನ್ನದು. ಆ ಏಣಿ ಹತ್ತಿ ಇಳಿದು.

(ನಾನು ಸಂಘದ ಕಾರ್ಯದರ್ಶಿ. ವರ್ಷಕ್ಕೊಂದು ವರದಿ ಬರೆದು ಓದುವುದು ನನ್ನ ಕೆಲಸ. ಈ ಸಲ ವರದಿ ಅಂತ ಕೂತರೆ ಕಥೆಯಾಗುತ್ತಿದೆ. ಕಥೆ ಅಂತ ಕೂತರೆ ಸಂಘದ ಬೈಲಾ ಅಡ್ಡ ಬರುತ್ತಿದೆ.)

೨

ಮೊದಲ ಕರಡು: “ವರದಿಯ ವರ್ಷದಲ್ಲಿ ಸಂಘವು ಹಲವಾರು ಕಾರ್ಯಕ್ರಮಗಳನ್ನು ಯಶಸ್ವಿಯಾಗಿ ನಡೆಸಿತು.”

ಹರಿದು ಹಾಕಿದೆ. ‘ಯಶಸ್ವಿಯಾಗಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸದಸ್ಯರು ಊಟದ ಕೋಣೆಯ ಕಡೆ ನೋಡುತ್ತಾರೆ. ನೀವೂ ಈಗ ನೋಡಿದಿರಿ.

೩

ಎರಡನೆಯ ಕರಡು: “ನಮ್ಮ ಸದಸ್ಯರೊಬ್ಬರಿಗೆ ಬಲಗೈ ನಡುಗಲು ಶುರುವಾಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ...”

ಇಷ್ಟು ಬರೆಯುವಷ್ಟರಲ್ಲಿ ಹೆಂಡತಿ ಹಿಂದೆ ಬಂದು ನಿಂತಳು.

“ಯಾರ್ರೀ ಇವರು, ಸದಸ್ಯರೊಬ್ಬರು?”

“ಕಥೆ ಅಂದ್ಮೇಲೆ ಯಾರೋ ಒಬ್ಬರು ಇರ್ತಾರೆ.”

“ಅವರ ಅಂಗಡೀಲಿ ಮಧ್ಯಾಹ್ನ ಕೂತು ರಸೀದಿ ಬರೆಯೋದು ಅವರ ಹೆಂಡ್ತಿನಾ?”

“ಹೌದು.”

“ಹಾಗಿದ್ರೆ ‘ನಾನು’ ಅಂತಾನೇ ಬರೀರಿ. ಈ ವಯಸ್ಸಲ್ಲಿ ನನ್ನನ್ನ ಬೇರೆ ಯಾರಿಗೋ ಕಟ್ಟಬೇಡಿ.”

೪

ಆಯಿತು. ನಾನು.

ಮೂವತ್ತೆಂಟು ವರ್ಷ ಕೈಗಡಿಯಾರ ರಿಪೇರಿ ಮಾಡಿದ್ದೇನೆ. ಅದರೊಳಗೆ ಸುರುಳಿ ಸುತ್ತಿಕೊಂಡು ಕೂತಿರುವ ಸ್ಪ್ರಿಂಗು ತಲೆಗೂದಲಿಗಿಂತ ಸಣ್ಣದು. ಅದನ್ನು ಚಿಮಟದಲ್ಲಿ ಎತ್ತುವಾಗ ನಾವು ಉಸಿರು ಹಿಡಿಯುತ್ತೇವೆ. ಉಸಿರನ್ನು ಹಿಡಿಯಬಹುದು. ಕೈಯನ್ನು ಹಿಡಿಯುವುದು ಹೇಗೆ? ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು ನೋಡಿದೆ. ಆಗ ಎರಡೂ ನಡುಗಿದವು.

ಬಂದ ಗಿರಾಕಿಗಳಿಗೆಲ್ಲ “ನಾಳೆ ಬನ್ನಿ” ಎಂದೆ. ವರ್ಷ ಶುರುವಾಗುವ ಹೊತ್ತಿಗೆ ಮೇಜಿನ ಡ್ರಾಯರಿನಲ್ಲಿ ಇಪ್ಪತ್ತಮೂರು ನಾಳೆಗಳು ಸೇರಿದ್ದವು. ಅವನ ಕೈ ಹೋಗಿದೆಯಂತೆ ಎಂಬ ಒಂದೇ ಒಂದು ಮಾತು ಹೊರಗೆ ಬಿದ್ದರೆ ಅಂಗಡಿ ಮುಚ್ಚಿದ ಹಾಗೇ. ನನಗೆ ಬೇರೆ ಕೆಲಸ ಬಾರದು. ಡಾಕ್ಟರು ಮತ್ತು ಹೆಂಡತಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

೫

ಈಗ ಸಮಿತಿಯವರನ್ನು ಪರಿಚಯ ಮಾಡಿಸಬೇಕು. ಮೂರೇ ಜನ, ಗಾಬರಿಯಾಗಬೇಡಿ. ಅಧ್ಯಕ್ಷ ಲೋಲಕ, ನನ್ನ ಓರಗೆಯವನು. ಆರಡಿ ಎತ್ತರ, ನಿಂತು ಮಾತಾಡುವಾಗ ಆ ಕಡೆ ಈ ಕಡೆ ತೂಗುತ್ತಾನೆ. ಖಜಾಂಚಿ ಬೆಲ್ಟಕ್ಕ, ವಾಚಿನ ಬೆಲ್ಟು ಮಾರುತ್ತಾ ಮಾರುತ್ತಾ ನಮ್ಮೆಲ್ಲರಿಗಿಂತ ಚೆನ್ನಾಗಿ ರಿಪೇರಿ ಕಲಿತವರು. ಇನ್ನೊಬ್ಬ ಸೆಲ್ಲಣ್ಣ. ಅವನು ಸೆಲ್ ಬದಲಾಯಿಸುತ್ತಾನೆ. ಅಷ್ಟೇ.

ಫೆಬ್ರವರಿ ಸಭೆಯಲ್ಲಿ ಲೋಲಕ ಎದ್ದು ನಿಂತ, ತೂಗಿದ. “ಆಸ್ಪತ್ರೆಯ ಎಲ್ಲಾ ಗೋಡೆ ಗಡಿಯಾರಾನೂ ಸಂಘ ಬಿಟ್ಟಿ ರಿಪೇರಿ ಮಾಡ್ಕೊಡಬೇಕು. ಪ್ರತಿ ಬುಧವಾರ ಮಧ್ಯಾಹ್ನ. ಉಸ್ತುವಾರಿ ಕಾರ್ಯದರ್ಶಿಯವರದು.”

“ಬುಧವಾರಾನೇ ಯಾಕೆ?” ಎಂದೆ.

“ಅವತ್ತು ವಾರ್ಡೆಲ್ಲ ಖಾಲಿ ಇರ್ತವೆ” ಎಂದರು ಬೆಲ್ಟಕ್ಕ, ಮುಖದಲ್ಲಿ ನಗು ತೋರಿಸದೆ.

(ಕಾಯಿಲೆಯವರು ಬುಧವಾರ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಬೇಕಿತ್ತು. ನಿಮಗೂ ಹೊಳೆಯಲಿಲ್ಲ, ಬಿಡಿ.)

ಆಸ್ಪತ್ರೆಯಲ್ಲಿ ಅರವತ್ತೊಂದು ಗಡಿಯಾರಗಳಿದ್ದವು. ದೊಡ್ಡ ಚಕ್ರ, ದೊಡ್ಡ ಸ್ಕ್ರೂ; ನಡುಗುವ ಕೈಗೂ ಸಿಗುತ್ತಿದ್ದವು. ಅದು ಮುಗಿಯಿತು ಎನ್ನುವಾಗ ಶಾಲೆ ಮಕ್ಕಳಿಗೆ ಮುಳ್ಳು ನೋಡಿ ಹೊತ್ತು ಹೇಳುವುದನ್ನು ಕಲಿಸುವ ಕಾರ್ಯಕ್ರಮ ಬಂತು, ಆರು ಬುಧವಾರ. “ಫೋನಲ್ಲೇ ತೋರಿಸುತ್ತಲ್ಲ ಅಂಕಲ್, ಇದ್ಯಾಕೆ?” ಎಂದಳು ಮುಂದಿನ ಬೆಂಚಿನ ಹುಡುಗಿ. “ಪರೀಕ್ಷೆ ಹಾಲಿಗೆ ಫೋನ್ ಬಿಡ್ತಾರೇನಮ್ಮ?” ಎಂದೆ. ಅವಳು ಕೂಡಲೇ ನೋಟ್‌ಬುಕ್ ತೆಗೆದಳು. ಆಮೇಲೆ ಬೀದಿಗಳಲ್ಲಿ ಕೆಟ್ಟು ನಿಂತ ಗಡಿಯಾರಗಳ ಸಮೀಕ್ಷೆ. ಅದೂ ಬುಧವಾರ, ಅದೂ ನಾನೇ.

“ಸಂಘದಲ್ಲಿ ಬೇರೆ ಯಾರೂ ಗಂಡಸರೇ ಇಲ್ವಾ?” ಎಂದು ಮನೆಯಲ್ಲಿ ರೇಗಿದೆ.

“ನಿಮ್ಮಷ್ಟು ಅಚ್ಚುಕಟ್ಟು ಯಾರಿಗಿದೆ?” ಎಂದಳು ಹೆಂಡತಿ. ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆಂದು ಅವಳಿಗೆ ಗೊತ್ತು.

ಬುಧವಾರ ಸಂಜೆ ಮರಳಿದಾಗ ಡ್ರಾಯರಿನಲ್ಲಿ ಒಂದೆರಡು ವಾಚು ಕಡಿಮೆಯಾಗಿರುತ್ತಿದ್ದವು. ಕೇಳಿದರೆ, “ಅವರಿಗೆ ಅರ್ಜೆಂಟಂತೆ, ಹಾಗೇ ವಾಪಸ್ ತಗೊಂಡು ಹೋದ್ರು” ಎನ್ನುತ್ತಿದ್ದಳು. ಗಿರಾಕಿ ಕೈತಪ್ಪಿತಲ್ಲ ಅನಿಸುತ್ತಿತ್ತು. ಜೊತೆಗೆ, ಬಚಾವಾದೆ ಅಂತಲೂ ಅನಿಸುತ್ತಿತ್ತು. ಇದನ್ನು ವರದಿಯಲ್ಲಿ ಓದಲಾರೆ. ಕಥೆಯಲ್ಲಿ ಹೇಳಬಹುದು.

೬

(ಇಲ್ಲಿ ಸ್ವಲ್ಪ ನಿಲ್ಲಿಸಬೇಕಾಯಿತು. ಕರಡು ಓದಿದ ಸೆಲ್ಲಣ್ಣನಿಗೆ ತಕರಾರಿದೆ.

“‘ಅಷ್ಟೇ’ ಅಂತ ಯಾಕಣ್ಣ ಬರೆದಿದ್ದೀರಿ? ‘ಸೆಲ್ ಬದಲಾಯಿಸುತ್ತಾನೆ’ ಅಂದ್ರೆ ಸಾಕಲ್ವಾ?”

“ನಿಜ ತಾನೇ?”

“ನಿಜ ಬೇಕು ಅಂದ್ರೆ ವರದಿ ಬರೀರಿ. ಕಥೇಲಾದ್ರೂ ನಾನೊಂದು ಕೀ ಕೊಡೋ ವಾಚು ರಿಪೇರಿ ಮಾಡ್ಬಾರ್ದಾ?”

ಆಯಿತಪ್ಪ. ಮೂರನೆಯ ಕರಡಿನಲ್ಲಿ ಸೆಲ್ಲಣ್ಣ ಒಂದು ಕೀ ವಾಚು ಬಿಚ್ಚಿದ. ಮತ್ತೆ ಜೋಡಿಸಿದಾಗ ಒಂದು ಚಕ್ರ ಮೇಜಿನ ಮೇಲೇ ಉಳಿದಿತ್ತು. ಅವನೇ ಓದಿ ನೋಡಿ, “ಬೇಡ, ಮೊದಲಿಂದೇ ಇರ್ಲಿ” ಎಂದ.)

೭

ಅಕ್ಟೋಬರಿನಲ್ಲಿ ಶಾಲೆಯ ಮೇಷ್ಟರೊಬ್ಬರು ಅಂಗಡಿಗೆ ಬಂದರು. ವಾಚಿನ ಗಾಜು ಒಡೆದಿತ್ತು. “ನೀವು ರಿಪೇರಿ ಮಾಡಿಕೊಟ್ಟ ಮೇಲೆ ಒಂದು ನಿಮಿಷ ಹಿಂದೆ ಮುಂದೆ ಆಗಿಲ್ಲ, ನೋಡಿ” ಎಂದರು.

ಆ ವಾಚನ್ನು ನಾನು ಮುಟ್ಟೇ ಇರಲಿಲ್ಲ. ಅರ್ಜೆಂಟಂತೆ ಎಂದು ಹಾಗೇ ವಾಪಸ್ ಹೋದ ವಾಚು ಅದು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ರಿಪೇರಿ ಮುಗಿದ ಮೇಲೆ ವಾಚಿನ ಹಿಂದಿನ ಮುಚ್ಚಳದ ಒಳಮೈಗೆ ಸೂಜಿಯಿಂದ ನಮ್ಮ ಗುರುತು ಮತ್ತು ತಾರೀಕು ಗೀಚುತ್ತೇವೆ. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ. ಮೇಷ್ಟರು ಹೋದ ಮೇಲೆ ಮುಚ್ಚಳ ತೆಗೆದೆ. ಒಳಗೆ ಲೋಲಕನ ಗುರುತಿತ್ತು, ಒಂದು ಗೆರೆ, ಕೆಳಗೆ ಸೊನ್ನೆ. ಪಕ್ಕದಲ್ಲಿ ತಾರೀಕು. ಕ್ಯಾಲೆಂಡರ್ ನೋಡಿದೆ. ಬುಧವಾರ. ಅವತ್ತು ನಾನು ಆಸ್ಪತ್ರೆಯಲ್ಲಿ ಏಣಿಯ ಮೇಲಿದ್ದೆ.

೮

ಸಮಿತಿ ಸಭೆ. ಕಾರ್ಯಸೂಚಿ ಓದದೆ ವಾಚಿನ ಮುಚ್ಚಳ ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟೆ.

“ಇದು ಯಾರ ಗುರುತು?”

ಲೋಲಕ ಬಗ್ಗಿ ನೋಡಿದ. “ನಂದೇ.”

“ಕದ್ದು ಕೆಲಸ ಮಾಡೋನು ಯಾರಾದ್ರೂ ಸಹಿ ಹಾಕ್ತಾನೇನೋ?”

“ಮುಚ್ಚಳ ಹಾಕೋ ಮುಂಚೆ ಕೈ ತಾನೇ ಹೋಗುತ್ತೆ ಮಾರಾಯ. ಏನು ಮಾಡ್ಲಿ?”

“ಗೀಚಬೇಡಿ ಅಂತ ನಾನು ಹೇಳಿದ್ದೆ” ಎಂದ ಸೆಲ್ಲಣ್ಣ. “ದೀಪ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ.”

“ಅಂದ್ರೆ ನೀನೂ?”

“ಎಲ್ಲರೂ” ಎಂದರು ಬೆಲ್ಟಕ್ಕ. “ನಲವತ್ತೊಂದು ವಾಚು. ಬಿಚ್ಚಿ ನೋಡಿದ್ರೆ ನನ್ನ ಗುರುತೂ ಸಿಗುತ್ತೆ. ನಾವು ಮೂರೂ ಜನ ಪ್ರತಿ ಬುಧವಾರ ನಿಮ್ಮ ಮೇಜಲ್ಲೇ ಕೂರ್ತಿದ್ವಿ. ನಿಮ್ಮ ಮನೆಯೋರು ಚಹಾ ಕೊಡ್ತಿದ್ರು.”

“ಅವಳೇ ಹೇಳಿದ್ಳಾ ನಿಮಗೆ, ನನ್ನ ಕೈ ವಿಷಯ?”

ಬೆಲ್ಟಕ್ಕ ಸಂಘದ ನಡಾವಳಿ ಪುಸ್ತಕ ತೆರೆದು ನನ್ನ ಮುಂದೆ ತಳ್ಳಿದರು. ಎರಡು ವರ್ಷದ ಹಿಂದಿನ ಪುಟದಲ್ಲಿ ನನ್ನ ಅಕ್ಷರಗಳು ದುಂಡಗೆ ಕೂತಿದ್ದವು. ಆಮೇಲಿನ ಪುಟಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಅಲ್ಲಾಡಿದ ಹಾಗೆ. “ನೀವೇ ಪ್ರತಿ ತಿಂಗಳು ಬರೆದು, ನಮಗೆ ತೋರಿಸಿ, ಕೆಳಗೆ ಸಹಿ ಹಾಕಿಸ್ಕೊತಿದ್ರಿ. ಇನ್ಯಾರು ಹೇಳ್ಬೇಕು?”

“ಹಾಗಾದ್ರೆ ಈ ಆಸ್ಪತ್ರೆ, ಶಾಲೆ, ಸಮೀಕ್ಷೆ...”

“ನಿನ್ನನ್ನ ಅಂಗಡಿಯಿಂದ ಹೊರಗೆ ಹಾಕೋಕೆ ಬೇರೆ ದಾರಿ ಇರ್ಲಿಲ್ಲ” ಎಂದ ಲೋಲಕ.

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ” ಎಂದೆ.

ನಡಾವಳಿಯಲ್ಲಿ ನಾನು “ಚರ್ಚಿಸಲಾಯಿತು” ಎಂದು ಬರೆದೆ. ಅಕ್ಷರ ಇನ್ನೂ ಹೆಚ್ಚು ಅಲ್ಲಾಡಿತು. ಆ ಹೊತ್ತಿಗೆ ಅದು ಬರೀ ಕಾಯಿಲೆಯಿಂದಲ್ಲ.

೯

ಮುಕ್ತಾಯ, ಒಂದು: ಹೊಸ ಮಾತ್ರೆಯಿಂದ ಕೈ ನಡುಕ ನಿಂತಿತು. (ಡಾಕ್ಟರು ನಕ್ಕರು. ಅಳಿಸಿದೆ.)

ಮುಕ್ತಾಯ, ಎರಡು: ವಾರ್ಷಿಕ ಸಭೆಯಲ್ಲಿ ನಾನು ಚಿಮಟವನ್ನು ಅಧ್ಯಕ್ಷರ ಕೈಗೆ ಒಪ್ಪಿಸಿ ಭಾಷಣ ಮಾಡಿದೆ. ಎಲ್ಲರೂ ಕಣ್ಣೊರೆಸಿಕೊಂಡರು. (ಲೋಲಕ ಓದಿ, “ನಂಗೆ ಚಿಮಟ ಇದೆ, ನೀನೇ ಇಟ್ಕೋ” ಎಂದ.)

ಮುಕ್ತಾಯ, ಮೂರು: ಮೇಷ್ಟರು ವಾಚು ತಗೊಳ್ಳಲು ಬಂದಾಗ ನಾನೇ ಹೇಳಿಬಿಟ್ಟೆ. “ಇದನ್ನ ರಿಪೇರಿ ಮಾಡಿದ್ದು ನಾನಲ್ಲ ಸಾರ್. ನನ್ನ ಕೈ ನಡುಗುತ್ತೆ. ಸಂಘದವರು ಮಾಡಿಕೊಟ್ರು.” ಯಾವ ಮಾತಿಗೆ ವರ್ಷವಿಡೀ ಹೆದರಿದ್ದೆನೋ ಅದನ್ನು ನನ್ನ ಬಾಯಿಂದಲೇ ಹೊರಗೆ ಬಿಟ್ಟೆ. ಮೇಷ್ಟರು ವಾಚನ್ನು ಕಿವಿಗಿಟ್ಟುಕೊಂಡು, “ಚೆನ್ನಾಗಿ ನಡೀತಿದೆಯಲ್ಲ” ಎಂದು ಕಟ್ಟಿಕೊಂಡು ಹೋದರು. ಆಮೇಲೆ ಬಂದವರಿಗೆಲ್ಲ ಹಾಗೇ ಹೇಳಿದೆ. ಕೆಲವರು ವಾಚು ಬಿಟ್ಟು ಹೋದರು, ಕೆಲವರು ಎತ್ತಿಕೊಂಡು ಹೋದರು.

ಮೂರನೆಯದು ನಡೆದದ್ದು. ಆದರೆ ಮುಕ್ತಾಯ ಅಂತ ಅದನ್ನು ಕರೆಯಲು ಮನಸ್ಸಿಲ್ಲ.

೧೦

ಬೆಲ್ಟಕ್ಕ ಹೇಳುತ್ತಾರೆ, ವರದಿಯ ಕೊನೆಗೆ ವಂದನಾರ್ಪಣೆ ಇರಬೇಕು, ಅದು ಬೈಲಾ. ನನಗೆ ಬರೆಯಲಾಗುತ್ತಿಲ್ಲ. ಥ್ಯಾಂಕ್ಸ್ ಅಂದರೆ ಲೋಲಕ ಬೈಯುತ್ತಾನೆ, ಸೆಲ್ಲಣ್ಣ ಎರಡು ವಾರ ಬೀಗುತ್ತಾನೆ. ಹಾಗಾಗಿ ವರದಿ ಮುಗಿದಿಲ್ಲ ಎಂದು ಸಮಿತಿಗೆ ತಿಳಿಸಿದ್ದೇನೆ. ಮುಗಿಸುವ ಆತುರವೂ ಇಲ್ಲ. ಮೂರನೇ ವಾರ್ಡಿನ ಗಡಿಯಾರ ಮತ್ತೆ ನಿಂತಿದೆಯಂತೆ, ನರ್ಸಮ್ಮ ಫೋನ್ ಮಾಡಿದ್ದರು. ಈ ಸಲ ಯಾರೂ ಕಳಿಸದೆಯೇ ಹೋಗುತ್ತಿದ್ದೇನೆ.

ನಿಮಗೆ ಏನಾದರೂ ಬರೆದುಕೊಂಡು ಹೋಗಬೇಕಿದ್ದರೆ ಇಷ್ಟು ಬರೆದುಕೊಳ್ಳಿ. ಹೋದದ್ದು: ಕೈಗಡಿಯಾರದ ಕೆಲಸ ಪೂರ್ತಿ, ಗಿರಾಕಿಗಳು ಹನ್ನೊಂದು ಜನ. ಸಿಕ್ಕಿದ್ದು: ಗೋಡೆ ಗಡಿಯಾರದ ಕೆಲಸ, ಮತ್ತು ನನ್ನ ಮೇಜಿನ ಮುಂದೆ ಕೂತು ನನ್ನ ಕೆಲಸ ಮಾಡುವ ಮೂರು ಜನ.