ಎರಡು ಒಳಲೆ ಹಾಲು

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಮಗ ನಿಜಕ್ಕೂ ಹೆಗ್ಗಣದಷ್ಟೇ ಇದ್ದ. ಏಳು ತಿಂಗಳಿಗೇ ಹುಟ್ಟಿದವನು. ಹಾಸನದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತಾರು ದಿನ ಇದ್ದು, ಒಂದು ಕೆಜಿ ಏಳುನೂರು ಗ್ರಾಂ ಆದಮೇಲೆ ಸಕಲೇಶಪುರದ ನಮ್ಮ ಬಾಡಿಗೆ ಮನೆಗೆ ಬಂದ. ಎದೆಗೆ ಹಿಡಿದರೆ ಎರಡು ಸಲ ಚೀಪಿ, ಗುಡ್ಡ ಹತ್ತಿದವನ ಹಾಗೆ ದಣಿದು ನಿದ್ದೆ ಹೋಗುತ್ತಿದ್ದ. ಹಾಗಾಗಿ ಪಂಪಿನಲ್ಲಿ ಹಾಲು ತೆಗೆದು, ಎರಡು ಗಂಟೆಗೊಮ್ಮೆ ಒಳಲೆಯ ಮೂತಿಯಿಂದ ತೊಟ್ಟು ತೊಟ್ಟಾಗಿ ಅವನ ಬಾಯಿಗೆ ಬಿಡಬೇಕಿತ್ತು. ಒಂದು ಹೊತ್ತಿಗೆ ಮೂವತ್ತೈದು ಎಂಎಲ್. ನಮ್ಮನೆಯ ಒಳಲೆಯಲ್ಲಿ ಎರಡು ಒಳಲೆ.

ನನ್ನ ಗಂಡ ಮಹೇಶ್ ರೈಲ್ವೆಯಲ್ಲಿ ಟ್ರ್ಯಾಕ್‌ಮ್ಯಾನ್. ಮಳೆಗಾಲ ಬಂತೆಂದರೆ ಎಡಕುಮೇರಿ ಕಡೆ ಹಳಿಯ ಮೇಲೆ ಗುಡ್ಡ ಜಾರದಂತೆ ಕಾಯುವ ಡ್ಯೂಟಿ. ಇವರು ನಿಂತು ನೋಡಿದರೆ ಗುಡ್ಡ ಹೆದರಿ ಸುಮ್ಮನಿರುತ್ತದೆ ಅಂತ ರೈಲ್ವೆಯವರ ನಂಬಿಕೆ ಇರಬೇಕು. ವಾರಕ್ಕೊಮ್ಮೆ ಒಂದು ರಾತ್ರಿ ಮಾತ್ರ ಮನೆಗೆ ಬರುತ್ತಿದ್ದರು. ಅಲ್ಲಿ ಫೋನೂ ಸರಿಯಾಗಿ ಸಿಗುವುದಿಲ್ಲ. ನನ್ನ ತಾಯಿ ತೀರಿಕೊಂಡು ಆರು ವರ್ಷ. ಬಾಣಂತನಕ್ಕೆಂದು ಆಲೂರಿನ ಹತ್ತಿರದ ಹಳ್ಳಿಯಿಂದ ನಮ್ಮತ್ತೆ ಕೆಂಚಮ್ಮ ಬಂದಿದ್ದರು. ನಾಲ್ಕು ದಿನ ಸಬ್ಬಸಿಗೆ ಸಾರು, ಮೆಂತ್ಯದ ಗಂಜಿ ಮಾಡಿ ಹಾಕಿದರು. ಐದನೇ ದಿನಕ್ಕೆ ಅವರನ್ನು ಓಡಿಸಿದವಳು ನಾನೇ.

ತಾಯಿಯ ಹಾಲು ಬಿಟ್ಟು ಒಂದು ಹನಿ ನೀರೂ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಬಜೆ ತೇಯ್ದು, ಜೇನಿನಲ್ಲಿ ಕಲಸಿ, ಬೆರಳ ತುದಿಯನ್ನು ಮಗುವಿನ ತುಟಿಯ ಹತ್ತಿರ ತಂದಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ಇದನ್ನ ಕೊಲ್ಲೋಕೆ ಬಂದಿದ್ದೀರಾ?” ಅಂದುಬಿಟ್ಟೆ.

ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ನಾನು ಗೆದ್ದವಳ ಹಾಗೆ ಬಾಗಿಲು ಹಾಕಿಕೊಂಡೆ.

ಆಮೇಲೆ ಉಳಿದದ್ದು ನಾನು, ಮಗು, ಪಂಪು. ಮಗುವನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದೆ. ಕೆಳಗೆ ಬಸ್ಸು, ಆಟೋ, ಮಾರ್ಕೆಟ್ಟಿಗೆ ಹೋಗುವ ಹೆಂಗಸರು. ಮನೆ ಓನರ್ ಜಗದಾಂಬ ಒಂದೆರಡು ಸಲ ಮೆಟ್ಟಿಲ ಹತ್ತಿರ ನಿಂತು, “ಏನಾದ್ರೂ ಬೇಕಾ ಹೇಮಾ?” ಎಂದು ಕೂಗಿದರು. ಯಾರೂ ಹತ್ತಿರ ಬರಬಾರದೆಂದು ಡಾಕ್ಟರು ಹೇಳಿದ್ದಾರೆ ಅಂತ ಕಿಟಕಿಯಿಂದಲೇ ಉತ್ತರ ಕೊಟ್ಟೆ. ಮೂರನೇ ಸಲ ಅವರು ಕೂಗಲಿಲ್ಲ. ಮಾತಾಡಲು ಯಾರೂ ಇಲ್ಲದೆ ನಾನು ಪಂಪಿನ ಜೊತೆಗೇ ಜಗಳಕ್ಕೆ ನಿಂತೆ. “ಇನ್ನೊಂದು ಐದು ಎಂಎಲ್ ಕೊಟ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?” ಎಂದು ಗದರಿಸುತ್ತಿದ್ದೆ.

ಪಂಪು ಕೇಳಲಿಲ್ಲ. ಮೂವತ್ತೈದು ಇದ್ದದ್ದು ಮೂವತ್ತಾಯಿತು, ಇಪ್ಪತ್ತೈದಾಯಿತು. ಮಗುವನ್ನು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲಲು ಭಯವಾಗಿ, ಬೇಕರಿಯ ಬನ್ನು, ಬ್ರೆಡ್ಡು ತರಿಸಿಕೊಂಡು ತಿನ್ನುತ್ತಿದ್ದೆ. ಒಂದು ಮಧ್ಯಾಹ್ನ ಇಪ್ಪತ್ತೇ ಬಂತು. ಮಗು ಒಳಲೆಯ ಮೂತಿಯನ್ನು ಬಿಡದೆ ನೆಕ್ಕುತ್ತಿತ್ತು, ಒಳಗೆ ಏನೂ ಇರಲಿಲ್ಲ. ನಾನು ಅವನಿಗಿಂತ ಜೋರಾಗಿ ಅತ್ತುಬಿಟ್ಟೆ.

ವಾರಕ್ಕೊಮ್ಮೆ ಮಗುವಿನ ತೂಕ ನೋಡಲು ಬರುವ ಆಶಾ ಕಾರ್ಯಕರ್ತೆ ಶೀಲಾ ಸೋಮವಾರ ಬಂದಳು. ತಂದಿದ್ದ ತಕ್ಕಡಿಯ ಜೋಳಿಗೆಯಲ್ಲಿ ಮಗುವನ್ನು ಹಾಕಿ ಎತ್ತಿ ಹಿಡಿದಳು. ಒಂದು ವಾರದಲ್ಲಿ ಅರವತ್ತು ಗ್ರಾಂ ಇಳಿದಿತ್ತು.

“ಮುಂದಿನ ಸೋಮವಾರನೂ ಇಳಿದ್ರೆ ಹಾಸನಕ್ಕೆ ವಾಪಸ್ ಸೇರಿಸ್ಬೇಕಾಗುತ್ತೆ ಅಕ್ಕ,” ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಖಾಲಿ ಪಾತ್ರೆಗಳನ್ನು ನೋಡಿ ಬಂದಳು. “ದಿನಕ್ಕೆ ಎಷ್ಟು ನೀರು ಕುಡೀತೀರಿ?”

“ಮೂರು ಲೋಟ. ಬಾಣಂತಿ ಅಲ್ವಾ. ಜಾಸ್ತಿ ಕುಡಿದ್ರೆ ಮಗೂಗೆ ಶೀತ ಆಗುತ್ತೆ.”

“ಯಾರು ಹೇಳಿದ್ದು?”

“ಅತ್ತೆ.”

ಶೀಲಾ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾರಾಯ್ತಿ! ಅವರನ್ನ ಓಡಿಸಿದ್ರಿ, ಅವರ ಸಾರು, ಗಂಜಿ ಎಲ್ಲಾ ಬುಟ್ರಿ, ನೀರಿನ ಕಟ್ಟು ಒಂದನ್ನ ಇಟ್ಕೊಂಡ್ರಾ? ಒಣಗಿದ ಬಾವೀಲಿ ಹಗ್ಗ ಎಷ್ಟು ಎಳೆದ್ರೇನು?”

ಬಿ.ಎಡ್. ಓದಿದವಳು ನಾನು. ಹೊಂಗಡಹಳ್ಳದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬಜೆಗೆ ಕೂಗಾಡಿದವಳಿಗೆ ನೀರಿನ ವಿಷಯದಲ್ಲಿ ಒಂದು ಪ್ರಶ್ನೆಯೂ ಹುಟ್ಟಿರಲಿಲ್ಲ. ನನ್ನ ತಾಯಿಯೂ, ಅಜ್ಜಿಯೂ ಹಾಗೇ ಹೇಳುವುದನ್ನು ಕೇಳಿ ಬೆಳೆದಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಚಿಕೆಯಿಂದ ಶೀಲಾಳ ಮುಖ ನೋಡಲಾಗಲಿಲ್ಲ.

ಅವಳು ಹೋದಮೇಲೆ ಒಂದು ತಂಬಿಗೆ ನೀರು ಕುಡಿದು ಅತ್ತೆಗೆ ಫೋನ್ ಮಾಡಿದೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು, “ಅತ್ತೆ, ಆ ಸಬ್ಬಸಿಗೆ ಸಾರು ಹೇಗೆ ಮಾಡೋದು?”

ಅವರು ಹೇಳಿಕೊಟ್ಟರು. “ಬೇಳೆ ಒಂದಿಡಿ. ಸೊಪ್ಪು ಎಳೇದಿರ್ಲಿ. ಬೆಳ್ಳುಳ್ಳಿ ಒಂದು ಗೆಡ್ಡೆ ಪೂರ್ತಿ ಸುಲ್ದು ತುಪ್ಪದಾಗೆ ಉರ್ಕೊ. ಕಾರಕ್ಕೆ ಕರಿಮೆಣ್ಸು ಹಾಕು, ಮೆಣಸಿನಕಾಯಿ ಬ್ಯಾಡ. ಬೆಳಿಗ್ಗೆ ಮೆಂತ್ಯದ ಗಂಜಿ ಮರೀಬ್ಯಾಡ.” ಫೋನ್ ಇಟ್ಟರು. ಮಗು ಹೇಗಿದೆ ಎಂದು ಕೇಳಲಿಲ್ಲ. ಕೇಳುವ ಧೈರ್ಯವನ್ನು ನಾನೇ ಕಿತ್ತುಕೊಂಡಿದ್ದೆನಲ್ಲ.

ಮಗು ಮಲಗಿದಾಗಲೆಲ್ಲ ಒಲೆ ಹಚ್ಚಿದೆ. ಸಾರು ಕುಡಿದೆ, ಗಂಜಿ ಕುಡಿದೆ, ಪ್ರತಿ ಸಲ ಪಂಪು ಹಿಡಿಯುವ ಮುಂಚೆ ಒಂದು ದೊಡ್ಡ ಲೋಟ ನೀರು ಕುಡಿದೆ. ಮೂರನೇ ದಿನ ಮೂವತ್ತಾಯಿತು. ಶನಿವಾರ ನಲವತ್ತೈದು. ಸೀಸೆಯನ್ನು ಎತ್ತಿ ತೋರಿಸೋಣವೆಂದರೆ ಮನೆಯಲ್ಲಿ ಒಂದು ಪಿಳ್ಳೆಯೂ ಇಲ್ಲ. ಮಗುವಿಗೇ ತೋರಿಸಿದೆ. ಅವನು ಆಕಳಿಸಿದ.

ಸೋಮವಾರ ಶೀಲಾ ತೂಕ ನೋಡಿ, “ನೂರ ಹತ್ತು ಗ್ರಾಂ ಏರೈತೆ ಅಕ್ಕ! ಹಾಸನದ ಮಾತೇ ಬೇಡ,” ಎಂದಳು. ಅವಳು ಮೆಟ್ಟಿಲಿಳಿಯುವ ಮೊದಲೇ ಅತ್ತೆಗೆ ಫೋನ್ ಮಾಡಿ ಹೇಳಿದೆ. ಅವತ್ತಿನ ಮಾತು ತಪ್ಪಾಯಿತು ಅಂದೆ. ಬನ್ನಿ, ಒಬ್ಬಳೇ ಇರಲು ಆಗುತ್ತಿಲ್ಲ ಅಂದೆ.

ಅವರು, “ಎಷ್ಟು ಬತ್ತದೆ ಈಗ?” ಎಂದು ಕೇಳಿದರು.

“ಎರಡು ಒಳಲೆ ತುಂಬಿ ಇನ್ನೂ ಮಿಗುತ್ತೆ ಅತ್ತೆ.”

“ಹಿಂಡಿದ ಹಾಲು ಕುಡುದ್ರೂ ಮಗ ಬದುಕ್ತದೆ, ಅಲ್ವಾ?”

“ಬದುಕುತ್ತೆ. ಅದ್ರಲ್ಲೇ ಬೆಳೀತಿದಾನಲ್ಲ.”

“ಮಯೇಶನ್ಗಿಂತ ಮುಂಚೆ ನಂಗೊಂದು ಏಳ್ ತಿಂಗ್ಳಿಗೇ ಹುಟ್ಟಿತ್ತು ಕಣವ್ವ. ಹೆಣ್ಣು. ಅದೂ ಎದೆ ಹಿಡೀನಿಲ್ಲ. ನಂಗೆ ಹಾಲು ಸುರೀತಿತ್ತು. ಹಿಂಡಿದ್ದು ಮಗೀಗೆ ಆಗ್ದು ಅಂದ್ಬುಟ್ರು ಹಿರೀರು. ಒಳಲೇಲಿ ಹಸುವಿನ ಹಾಲಿಗೆ ನೀರು ಬೆರ್ಸಿ ಬುಟ್ವಿ. ನನ್ನ ಹಾಲ ಹಿಂಡಿ ಹಿಂಡಿ ಅತ್ತಿಮರದ ಬುಡಕ್ಕೆ ಹುಯ್ದೆ. ಒಂಬತ್ತು ದಿನ ಇತ್ತು ಮಗು. ಮರದ ಬುಡದಾಗೆ ಇರೋದು ಅದ್ರ ಅನ್ನ ಅಂತ ನಂಗೆ ಒಬ್ರೂ ಯೋಳ್ನಿಲ್ಲ.”

ನಾನು, “ಅತ್ತೆ...” ಎಂದೆ.

“ನಾಳೆ ಬತ್ತೀನಿ,” ಎಂದರು ಕೆಂಚಮ್ಮ. “ಮಗೀನ ಮುಟ್ಟಲ್ಲ ಕಣವ್ವ. ದೂರ ಕುಂತ್ಕೊತೀನಿ. ಅದು ಆ ಹಾಲು ಕುಡಿಯೋದ ಒಂದ್ಸಲ ನೋಡ್ಬೇಕು.”