ತವರಿಗೆ ಬಂದ ಶಾರ್ಕ್

ಚೊಚ್ಚಲ ಹೆರಿಗೆಗೆಂದು ಮಗಳು ರೆಹೆಮಾ ಕಡಲತೀರದ ಕಿಲ್ವಾದ ತವರಿಗೆ ಬಂದವಳೇ, “ಅಪ್ಪಾ, ತೆಂಗಿನಹಾಲಲ್ಲಿ ಬೇಯಿಸಿದ ಶಾರ್ಕ್ ತಿನ್ಬೇಕು” ಅಂದಳು. ಮೀನುಗಾರ ಅಥುಮಾನಿಗೆ ತಲೆಬಿಸಿ ಶುರುವಾಯಿತು. ಈ ವರ್ಷ ಗಾಳ ಹಾಕಿ ಹಾಕಿ ಸೊಂಟ ಬಿದ್ದಿತ್ತೇ ಹೊರತು ಒಂದು ಶಾರ್ಕೂ ಸಿಕ್ಕಿರಲಿಲ್ಲ. ಹೀಗೇ ಆದರೆ ದೋಣಿ ಮಾರಬೇಕಿತ್ತು.

ಕಡೆಗೆ ಮಂಚದ ಸೊಳ್ಳೆಪರದೆ ಬಿಚ್ಚಿ ಹೆಗಲಿಗೇರಿಸಿ ಹೊರಟ. ದಡದಲ್ಲಿ ಮೀನು ಸೀಳುತ್ತಿದ್ದ ಹೆಂಡತಿ ಮ್ವಾಜುಮಾ ತಡೆದಳು.

“ಎಲ್ಲಿಗೆ ಮೆರವಣಿಗೆ, ರೆಹೆಮಾಳ ಅಪ್ಪ?”

“ಉಪ್ಪುನೀರಲ್ಲೇ ಬೆಳೆಯೋ ಕಾಂಡ್ಲಾ ಗಿಡಗಳ ಹಿನ್ನೀರಿಗೆ. ಅಲ್ಲಿ ಗೇಣುದ್ದದ ಶಾರ್ಕುಗಳಿವೆ. ಕುಳ್ಳ ಜಾತಿ. ಬಾಚ್ಕೊಂಡು ಬರ್ತೀನಿ.”

“ಅಯ್ಯೋ ನಿಮ್ಮ! ಕುಳ್ಳ ಅಲ್ಲ, ಕೂಸುಗಳು. ದೊಡ್ಡ ಮೀನು ನುಂಗದಿರಲಿ ಅಂತ ತಾಯಿ ಅಲ್ಲಿಗೆ ಬಂದು ಹಡೆದು ಹೋಗುತ್ತೆ.”

“ಹಡೆಯೋದಾ? ಮೀನು ಮೊಟ್ಟೆ ಇಡುತ್ತೆ ಕಣೇ, ಸಾವಿರಗಟ್ಟಲೆ! ಮೀಸೆ ಬರೋಕೆ ಮುಂಚೆಯಿಂದ ಶಾರ್ಕ್ ಹಿಡೀತಿರೋನಿಗೆ ಪಾಠ ಹೇಳ್ತೀಯಾ?”

“ಹಿಡಿದಿದ್ದೀರಿ. ಸೀಳಿದ್ದು ಯಾರು?”

ಆ ಊರಲ್ಲಿ ದೋಣಿ ದಡ ಮುಟ್ಟಿದರೆ ಗಂಡಸರು ಕಾಫಿಗೆ ಹೋಗುತ್ತಾರೆ. ಸೀಳುವುದು ಹೆಂಗಸರ ಪಾಲು. ಶಾರ್ಕಿನ ಹೊಟ್ಟೆಯೊಳಗೆ ಅಥುಮಾನಿ ಒಮ್ಮೆಯೂ ಇಣುಕಿರಲಿಲ್ಲ.

ನೆರೆಯವನ ಗಾಳಕ್ಕೆ ಬಿದ್ದಿದ್ದ ಶಾರ್ಕೊಂದು ಚಾಪೆಯ ಮೇಲೆ ಸತ್ತುಬಿದ್ದಿತ್ತು. ಅಷ್ಟುದ್ದವೂ ಇಲ್ಲ, ತೋಳಿಗಿಂತ ಚೂರು ಹೆಚ್ಚು. ಮ್ವಾಜುಮಾ ಚೂರಿ ಕೊಟ್ಟಳು. “ತಗೊಳ್ಳಿ, ಮೊಟ್ಟೆ ಎಣಿಸಿ.”

ಪಕ್ಕದಲ್ಲಿ ಮೀನು ಸೀಳುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಅಥುಮಾನಿ ಮೀಸೆ ತಿರುವಿ ಸೀಳಿದ. ಮೊಟ್ಟೆ ಎಲ್ಲಿ ಬಂತು! ಒಳಗೆ ನಾಲ್ಕು ಮರಿಗಳು, ಒಂದೊಂದಕ್ಕೂ ಬಳ್ಳಿ. ಅಥುಮಾನಿ ಒಂದನ್ನು ಎತ್ತಿ ಹಿಡಿದ.

“ಹೊಕ್ಕುಳಬಳ್ಳಿ ಕಣೇ ಇದು!”

“ಮತ್ತೆ? ಹತ್ತಿರ ಹತ್ತಿರ ಒಂದು ವರ್ಷ ಹೊರುತ್ತೆ, ಪಾಪ. ಹಡೆಯೋದು ನಾಲ್ಕೋ ಐದೋ. ಬಸುರೀನೂ ಹಿಡಿದು, ಕೂಸನ್ನೂ ಬಾಚಿದ್ರೆ ನಾಳೆ ನಿಮ್ಮ ಗಾಳಕ್ಕೆ ಏನು ಬೀಳುತ್ತೆ, ನನ್ನ ಚಪ್ಪಲಿನಾ?”

ಅಥುಮಾನಿ ಸೊಳ್ಳೆಪರದೆ ಹೆಗಲಿಂದ ಇಳಿಸಿದ. “ಅಂದ್ರೆ ಇದೂ ನಮ್ಮ ರೆಹೆಮಾ ಥರ ಹೆರಿಗೆಗೆ ಬಂದಿತ್ತಾ?”

“ನಮ್ಮೂರಿಗೇ ಬಂದಿತ್ತು.”

ಅಂದು ರೆಹೆಮಾಗೆ ಸಿಕ್ಕಿದ್ದು ಬಂಗುಡೆ ಸಾರು. ಮುಖ ಊದಿಸಿಕೊಂಡೇ ಎರಡು ತಟ್ಟೆ ಖಾಲಿ ಮಾಡಿದಳು. ಸೊಳ್ಳೆಪರದೆ ಈಗ ಅವಳ ಕೂಸಿನ ಮೇಲಿದೆ. ಅಥುಮಾನಿಯೋ, ಹಿನ್ನೀರಿನತ್ತ ಯಾರಾದರೂ ಬಲೆ ಹೊತ್ತು ಹೊರಟರೆ ಕಾಫಿ ಬಿಟ್ಟು ಓಡುತ್ತಾನೆ: “ಲೋ, ಬಾಣಂತಿ ಕೋಣೆಗೆ ಬಲೆ ಹಾಕ್ತೀಯೇನೋ!”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಹಿನ್ನೀರಿನಲ್ಲೂ ಇಂಥ ಕೂಸುಗಳಿರಬಹುದು. ಅಲ್ಲಿ ಸಣ್ಣ ಕಣ್ಣಿನ ಬಲೆ ಎಳೆಯಬೇಡಿ. ಹೊಟ್ಟೆ ದಪ್ಪಗಿರುವ ಶಾರ್ಕ್ ಜೀವಂತ ಸಿಕ್ಕರೆ ಗಾಳ ಬಿಡಿಸಿ ನೀರಿಗೆ ಬಿಡಿ. ಸೊಳ್ಳೆಪರದೆ ಮಂಚದ ಮೇಲೇ ಇರಲಿ.